ಕಾವೇರಿ ಬೇರೆ, ಕಲ್ಪನಾ ಬೇರೆ

ಪ್ರಶ್ನೆ: ಈಚೆಗೆ ತಾಯಿಯವರೊಡನೆ ‘ಶರಪಂಜರ’ ಚಿತ್ರ ನೋಡಿದೆ. ಕಲ್ಪನಾ ಅವರ ಅಭಿನಯ ನನಗೆ ಅತಿಯೆನಿಸಿತು. ತಾಯಿಯವರೋ, ‘ಅದು ನಟನೆಯಲ್ಲ, ಪಾಪ, ಆಕೆಯ ಬದುಕೇ ಹಾಗಿತ್ತು’ ಎಂದರು. ತಮ್ಮ ಅಭಿಪ್ರಾಯವೇನು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಇಬ್ಬರ ಮಾತಿಗೂ ನನ್ನ ತಕರಾರಿದೆ; ತಾಯಿಯವರು ಕ್ಷಮಿಸಬೇಕು, ಅವರ ಮಾತಿಗೇ ತುಸು ಹೆಚ್ಚು.

ತ್ರಿವೇಣಿಯವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲರು 1972ರಲ್ಲಿ ತೆರೆಗೆ ತಂದಾಗ ಅವರು ಹಿಡಿದ ಶ್ರುತಿಯೇ ಎತ್ತರದ್ದು. ಹಿನ್ನೆಲೆ ಸಂಗೀತ, ಮುಖದ ಹತ್ತಿರಕ್ಕೆ ಧಾವಿಸುವ ಕ್ಯಾಮೆರಾ, ಎಲ್ಲವೂ ಅದಕ್ಕೆ ಹೊಂದಿಕೊಂಡಿದ್ದವು. ನಟಿಯೊಬ್ಬರೇ ತಗ್ಗಿನಲ್ಲಿ ಹಾಡುವಂತಿರಲಿಲ್ಲ. ಅಲ್ಲದೆ, ಕೊನೆಯ ಅಬ್ಬರವನ್ನಷ್ಟೇ ನೆನಪಿಟ್ಟುಕೊಳ್ಳುವವರು ಚಿತ್ರದ ನಡುಭಾಗವನ್ನು ಮರೆತುಬಿಡುತ್ತಾರೆ. ಹೆರಿಗೆಯ ನಂತರ ಮನಸ್ಸಿನ ಕಾಯಿಲೆಗೆ ತುತ್ತಾಗಿ, ಆಸ್ಪತ್ರೆಯಲ್ಲಿ ಗುಣಮುಖಳಾಗಿ ಮನೆಗೆ ಮರಳಿದ ಕಾವೇರಿಯನ್ನು ಗಂಡನಿಂದ ಹಿಡಿದು ನೆರೆಹೊರೆಯವರವರೆಗೆ ಎಲ್ಲರೂ ಅನುಮಾನದಿಂದಲೇ ನೋಡುತ್ತಿರುತ್ತಾರೆ. ಕಲ್ಪನಾ ಇಲ್ಲಿ ತೋರಿಸಬೇಕಾಗಿದ್ದುದು ಹುಚ್ಚನ್ನಲ್ಲ. ತಾನು ನೆಟ್ಟಗಿದ್ದೇನೆಂದು ನಗುವಾಗಲೂ ಮಾತನಾಡುವಾಗಲೂ ಸಾಬೀತುಪಡಿಸಬೇಕಾದ ಹೆಣ್ಣಿನ ಎಚ್ಚರವನ್ನು. ಆ ದೃಶ್ಯಗಳನ್ನು ಇನ್ನೊಮ್ಮೆ ನೋಡಿ. ‘ಅತಿ’ ಎಂಬ ಮಾತು ಅಲ್ಲಿ ನಿಲ್ಲುವುದಿಲ್ಲ.

ಇನ್ನು ‘ಆಕೆಯ ಬದುಕೇ ಹಾಗಿತ್ತು’ ಎಂಬ ಮಾತು. ‘ಮಿನುಗುತಾರೆ’ಯೆಂದು ಹೆಸರಾಗಿ, ಉಡುವ ಸೀರೆ, ತೊಡುವ ಬಳೆಗಳವರೆಗೆ ಹೆಣ್ಣುಮಕ್ಕಳಿಗೆ ಮಾದರಿಯಾಗಿದ್ದ ಕಲ್ಪನಾ 1979ರಲ್ಲಿ, 36 ತುಂಬುವ ಮೊದಲೇ ತೀರಿಕೊಂಡರು. ಆಮೇಲೆ ಜನ ಅವರ ಚಿತ್ರಗಳನ್ನೆಲ್ಲ ಆ ಅಕಾಲ ಸಾವಿನ ನೆರಳಿನಲ್ಲೇ ಓದತೊಡಗಿದರು. ಆದರೆ ಅದೇ ನಿರ್ದೇಶಕರ, ಅದೇ ಲೇಖಕಿಯ ಕಾದಂಬರಿಯನ್ನು ಆಧರಿಸಿದ ‘ಬೆಳ್ಳಿಮೋಡ’ದ (1967) ಇಂದಿರಾ, ಆಸ್ತಿ ಕೈತಪ್ಪಿತೆಂದು ತನ್ನನ್ನು ಬಿಟ್ಟು ಮತ್ತೆ ಬಯಸಿ ಬಂದವನನ್ನು ಎಷ್ಟು ಸಮಾಧಾನದಿಂದ ನಿರಾಕರಿಸುತ್ತಾಳೆ! ‘ಎರಡು ಕನಸು’ ಚಿತ್ರದಲ್ಲಿ ಗಂಡನ ಉಪೇಕ್ಷೆಯನ್ನು ನುಂಗಿಕೊಳ್ಳುವ ಗೌರಿಯೂ ಇವರೇ. ತನ್ನನ್ನೇ ತೆರೆಯ ಮೇಲಿಟ್ಟುಕೊಂಡ ನಟಿಗೆ ಈ ಮೂವರೂ ಆಗುವುದು ಸಾಧ್ಯವಿರಲಿಲ್ಲ.

ಅದೇ 1972ರಲ್ಲಿ ‘ಬಂಗಾರದ ಮನುಷ್ಯ’ವೂ ತೆರೆಕಂಡಿತು. ರಾಜೀವನ ಒಳ್ಳೆಯತನವನ್ನು ಜನ ರಾಜಕುಮಾರ್ ಅವರ ಖಾತೆಗೆ ಜಮಾ ಮಾಡಿದರು. ಕಾವೇರಿಯ ಸಂಕಟವನ್ನು ಕಲ್ಪನಾ ಅವರ ಹಣೆಬರಹಕ್ಕೆ ಬರೆದರು. ನಾಯಕನಿಗೆ ಗೌರವ, ನಾಯಕಿಗೆ ಅನುಕಂಪ. ನಟನೆಯ ಹಿಂದಿನ ದುಡಿಮೆಯ ಲೆಕ್ಕ ಮಾತ್ರ ಎರಡೂ ಕಡೆ ಬಿಟ್ಟುಹೋಯಿತು. ಕಾಯಿಲೆಯಾಚೆಗೆ ತನ್ನನ್ನು ಯಾರೂ ಕಾಣಲೊಲ್ಲರೆಂಬುದೇ ಕಾವೇರಿಯ ದುಃಖ, ಅಲ್ಲವೇ?

ಪ್ರಶ್ನೆ: ಕನ್ನಡ ಚಿತ್ರಕ್ಕಾಗಿ ಶ್ರೇಷ್ಠ ನಟಿಯೆಂದು ರಾಷ್ಟ್ರಪ್ರಶಸ್ತಿ ಪಡೆದವರು ಯಾರು? ಹಾಸ್ಯಪಾತ್ರಗಳ ಉಮಾಶ್ರೀ ಅವರೂ ಇದ್ದಾರೆಯೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಇದ್ದಾರೆ. ‘ಕಾಡು’ ಚಿತ್ರಕ್ಕೆ ನಂದಿನಿ ಭಕ್ತವತ್ಸಲ, ‘ಹಸೀನಾ’ಕ್ಕೆ ತಾರಾ, ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ಗೆ ಉಮಾಶ್ರೀ ಈ ಗೌರವ ಪಡೆದಿದ್ದಾರೆ. ‘ಹಾಸ್ಯಪಾತ್ರಗಳ’ ಎಂಬ ನಿಮ್ಮ ವಿಶೇಷಣವೂ ಮೇಲೆ ಹೇಳಿದ ಜಾತಿಗೇ ಸೇರಿದ್ದು. ‘ಒಡಲಾಳ’ ನಾಟಕದ ಸಾಕವ್ವನಾಗಿ ಅವರನ್ನು ರಂಗದ ಮೇಲೆ ಕಂಡವರಿಗೆ ಕರಾವಳಿಯ ಸೂಲಗಿತ್ತಿ ಗುಲಾಬಿಯ ಪಾತ್ರದಲ್ಲಿ ಅವರು ತೋರಿದ ಸಂಯಮ ಅಚ್ಚರಿಯೆನಿಸಿರಲಾರದು.