ಥಾರ್ ಮುಂದಿನ ಆಕ್ಸಲ್ ಬೂಟ್ ಹರಿದ್ರೆ ಪೂರ್ತಿ ಆಕ್ಸಲ್ ಹಾಕಿಸ್ಬೇಕಾ?

ಸರ್, ಲಿಫ್ಟ್ ಮಾಡ್ಸಿರೋ (ಎತ್ತರ ಜಾಸ್ತಿ ಮಾಡ್ಸಿರೋ) ಥಾರ್, ಎಡಗಡೆ ಮುಂದಿನ ಆಕ್ಸಲ್ ಬೂಟ್, ಅಂದ್ರೆ ಜಾಯಿಂಟ್ ಮುಚ್ಚೋ ರಬ್ಬರ್ ಕವರ್, ಹರಿದು ವೀಲ್ ಒಳಗೆಲ್ಲ ಗ್ರೀಸ್ ಹಾರಿದೆ, ಸೌಂಡ್ ಇಲ್ಲ, ಆದ್ರೂ ಮೆಕ್ಯಾನಿಕ್ ಪೂರ್ತಿ ಆಕ್ಸಲ್ ಚೇಂಜ್ ಅಂತಿದಾರೆ ಅಂದ್ರಲ್ಲ, ದಯವಿಟ್ಟು ಈಗ್ಲೇ ಒಪ್ಕೋಬೇಡಿ. ಖಾಲಿ ಮಣ್ಣಿನ ಮೈದಾನದಲ್ಲಿ ಫೋರ್ ವೀಲ್ ಡ್ರೈವ್ ಹಾಕಿ, ಸ್ಟೇರಿಂಗ್ ಫುಲ್ ತಿರುಗಿಸಿ ನಿಧಾನಕ್ಕೆ ಓಡ್ಸಿ, ಎರಡೂ ಕಡೆಗೆ. ಟಕ್ ಟಕ್ ಅಂತ ಬರ್ಲಿಲ್ಲ ಅಂದ್ರೆ ವೀಲ್ ಕಡೆ ಇರೋ ಹೊರಗಿನ ಜಾಯಿಂಟ್ ಬಹುಶಃ ಚೆನ್ನಾಗೇ ಇದೆ, ಬೂಟು, ಗ್ರೀಸು, ಕ್ಲಾಂಪು ಸಾಕು.

ಆದ್ರೆ ತಡ ಮಾತ್ರ ಮಾಡ್ಬೇಡಿ. ನಂದು ಸಕಲೇಶಪುರದ ತೋಟದ ರೋಡಲ್ಲಿ ಓಡೋ ಗಾಡಿ, ಸಣ್ಣ ಸೀಳು ಅಲ್ವಾ ಅಂತ ಒಂದ್ ಮಳೆಗಾಲ ಬಿಟ್ಟೆ, ಬಿಚ್ಚಿದಾಗ ಗ್ರೀಸನ್ನ ಬೆರಳಲ್ಲಿ ಉಜ್ಜಿದ್ರೆ ಮರಳು ಕರಕರ ಅಂತಿತ್ತು, ಬಾಲ್ ಓಡೋ ಜಾಗದಲ್ಲಿ ಗುಳಿ ಬಿದ್ದು ಜಾಯಿಂಟೇ ಹೋಗಿತ್ತು.

ಬಿಚ್ಚಿಸಿದಾಗ ಹಳೇ ಗ್ರೀಸ್ ಪೂರ್ತಿ ತೊಳೆದು ಒಣಗಿಸ್ಬೇಕು, ಕರೀ ಬಣ್ಣದ ಮಾಲಿ (ಮಾಲಿಬ್ಡಿನಮ್ ಇರೋ) ಗ್ರೀಸೇ ತುಂಬ್ಸಿ, ಗ್ರೀಸ್ ಗನ್ನಲ್ಲಿರೋ ಮಾಮೂಲಿ ಗ್ರೀಸ್ ಬೇಡ. ಆಕ್ಸಲ್ ಬಿಚ್ಚದೇ ಸುತ್ತಿ, ಅಂಟು ಹಾಕಿ ಜೋಡಿಸೋ ಸ್ಪ್ಲಿಟ್ ಬೂಟ್ ಊರು ಮುಟ್ಟೋಕೆ ಅಷ್ಟೇ. ಇನ್ನೊಂದು, ಲಿಫ್ಟ್ ಮಾಡಿದ ಮೇಲೆ ಆಕ್ಸಲ್ ಜಾಸ್ತಿ ಓರೆಯಾಗಿ ನಿಲ್ಲುತ್ತೆ, ಬೂಟಿನ ಮಡಿಕೆಗಳು ಒಂದಕ್ಕೊಂದು ಉಜ್ಜಿ ಅಲ್ಲೇ ಸವೀತವೆ, ಹರಿದಿರೋದು ಮಡಿಕೆಯಲ್ಲೇ ಆಗಿದ್ರೆ ಲಿಫ್ಟ್ ಸ್ವಲ್ಪ ಇಳಿಸ್ದೆ ಹೊಸ ಬೂಟೂ ಬಾಳಲ್ಲ. ಮತ್ತೆ ಬ್ರೇಕ್ ಡಿಸ್ಕ್ ಮೇಲೆ ಗ್ರೀಸ್ ಹಾರಿದ್ಯಾ ಅಂತ ಇವತ್ತೇ ನೋಡಿ ಸರ್, ಘಾಟಿ ಇಳಿಯೋಕೆ ಮುಂಚೆ.