ಹಳೇ ಮ್ಯಾಗ್ನೆಟ್ ಯಾಕೆ ಲಾಳದ ಆಕಾರ?

ಹಳೇ ಮ್ಯಾಗ್ನೆಟ್‌ಗಳು ಕುದುರೆ ಲಾಳದ ಥರ, ಈಗಿನವು ಚಪ್ಪಟೆ ಬಿಲ್ಲೆ ಥರ ಯಾಕೆ ಅಂತ ಕೇಳಿದೀರಲ್ಲ, ಕಾರಣ ಮೆಟೀರಿಯಲ್ಲು. ಯಾವ ಮ್ಯಾಗ್ನೆಟ್ಟೇ ಆಗ್ಲಿ ತನ್ನ ಫೀಲ್ಡಿಂದ ತನ್ನನ್ನೇ ದುರ್ಬಲ ಮಾಡ್ಕೊಳ್ತಿರತ್ತೆ, ದಪ್ಪಕ್ಕೆ ಹೋಲಿಸಿದ್ರೆ ಉದ್ದ ಕಮ್ಮಿಯಾದಷ್ಟೂ ಇದು ಜಾಸ್ತಿ, ಹಳೇ ಮ್ಯಾಗ್ನೆಟ್ ಮಾಡ್ತಿದ್ದ ಉಕ್ಕಿಗೆ ಅದನ್ನ ತಡ್ಕೊಳೋ ಶಕ್ತಿ ಅಂದ್ರೆ ಕೋಅರ್ಸಿವಿಟಿ ತುಂಬಾ ಕಮ್ಮಿ, ಅದಕ್ಕೇ ಉದ್ದಕ್ಕೆ ಮಾಡಿ ಬಗ್ಗಿಸಿ ಎರಡೂ ತುದಿ ಸೇರೋ ಹಾಗೆ ಕಬ್ಬಿಣದ ಪಟ್ಟಿ ಇಡ್ತಿದ್ರು, ಪಟ್ಟಿ ಇದ್ರೆ ದುರ್ಬಲ ಆಗೋದು ಕಮ್ಮಿ. 1917ರಲ್ಲಿ ಜಪಾನಿನ ಕೋಟಾರೋ ಹೋಂಡಾ ಆ ಶಕ್ತಿ ಜಾಸ್ತಿ ಇರೋ ಕೋಬಾಲ್ಟ್ ಸ್ಟೀಲ್ ಮಾಡಿದ್ರು, 1931ರಲ್ಲಿ ಜಪಾನಿನವರೇ ಆದ ಮಿಶಿಮಾ ಅವ್ರ ಕಬ್ಬಿಣ-ನಿಕ್ಕೆಲ್-ಅಲ್ಯುಮಿನಿಯಂ ಮಿಶ್ರಲೋಹ ಬಂತು, ಅಲ್ನಿಕೋ ಅನ್ನೋ ಮ್ಯಾಗ್ನೆಟ್ ಲೋಹ ಬೆಳೆದಿದ್ದು ಅದರಿಂದ್ಲೇ, ಆದ್ರೂ ಅದಕ್ಕೂ ಉದ್ದ ಬೇಕೇ ಬೇಕು. ನನ್ ಪ್ರಕಾರ ದೊಡ್ಡ ತಿರುವು 1950ರ ದಶಕದ ಫೆರೈಟ್, ಅಂದ್ರೆ ಕಬ್ಬಿಣದ ಆಕ್ಸೈಡಿಂದ ಮಾಡೋ ಪಿಂಗಾಣಿಯಂಥ ಮ್ಯಾಗ್ನೆಟ್, ಅದರ ಕೋಅರ್ಸಿವಿಟಿ ಜಾಸ್ತಿ, ಬಿಲ್ಲೆ ಆಕಾರ ಸಲೀಸಾಗಿದ್ದು ಅಲ್ಲಿಂದ. 1980ರ ದಶಕದಲ್ಲಿ ಬಂದ ನಿಯೋಡೈಮಿಯಂ ಮ್ಯಾಗ್ನೆಟ್ ಅಂತೂ ತೆಳ್ಳಗಿದ್ರೂ ಗಟ್ಟಿಯಾಗೇ ಹಿಡಿಯತ್ತೆ. ನಿಮ್ಮತ್ರ ಹಳೇ ಲಾಳ ಇದ್ರೆ ತುದೀಲಿರೋ ಪಟ್ಟಿ ತೆಗೆದಿಡಬೇಡಿ.