25 ಲೀಟರ್ ಕಂಪ್ರೆಸರ್‌ಗೆ ದೊಡ್ಡ ಕಿಟ್ ಬೇಕಾ?

ಮನೆಯಲ್ಲಿ 1 ಎಚ್‌ಪಿ, 25 ಲೀಟರ್ ಏರ್ ಕಂಪ್ರೆಸರ್ ಇದೆ, ಗಾಳಿಯಿಂದ ಓಡುವ ಸ್ಯಾಂಡರ್ (ಉಜ್ಜುವ ಯಂತ್ರ), ಇಂಪ್ಯಾಕ್ಟ್ ರೆಂಚ್ (ನಟ್ ಬಿಚ್ಚುವ ಯಂತ್ರ) ಎಲ್ಲ ಇರುವ ಕಿಟ್ ತಗೊಳ್ಳಲಾ ಎಂದು ಕೇಳಿದ್ದೀರಿ. ನನ್ನ ಪ್ರಕಾರ ಬೇಡ. ಪಿಎಸ್‌ಐ (ಗಾಳಿಯ ಒತ್ತಡ) ಒಂದೇ ನೋಡಬೇಡಿ, ಸಿಎಫ್‌ಎಂ (ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಬರುತ್ತದೆ ಅನ್ನೋದು) ನೋಡಿ. ನಿಮ್ಮದು 4 ಸಿಎಫ್‌ಎಂ ಕೊಡೋದೇ ಕಷ್ಟ, ಸ್ಯಾಂಡರ್‌ಗೆ 8ರ ಮೇಲೆ ಬೇಕು. ನಾನು ಹಾಕಿ ನೋಡಿದ್ದೇನೆ. ಅರ್ಧ ಬಾಗಿಲು ಉಜ್ಜುವಷ್ಟರಲ್ಲಿ ಗಾಳಿ ಖಾಲಿ, ಟ್ಯಾಂಕ್ ತುಂಬುವವರೆಗೆ ಸುಮ್ನೆ ಟೀ ಕುಡಿಯುತ್ತಾ ಕೂತೆ. ರೆಂಚ್ ಪರವಾಗಿಲ್ಲ, ನಾಲ್ಕು ನಟ್ ಬಿಚ್ಚಿ ಸ್ವಲ್ಪ ಕಾದರಾಯಿತು. ಮನೆ ಕಾರಿಗೆ ಅಷ್ಟು ಸಾಕಲ್ವಾ? ರೆಂಚ್‌ಗೆ ಕಪ್ಪು ಇಂಪ್ಯಾಕ್ಟ್ ಸಾಕೆಟ್ಟೇ ಹಾಕಿ, ಹೊಳೆಯುವ ಕ್ರೋಮ್‌ನದು ಸಿಡಿಯಬಹುದು. ಸದ್ಯಕ್ಕೆ ಧೂಳು ಊದುವ ಬ್ಲೋ ಗನ್, ಟೈರ್ ಇನ್‌ಫ್ಲೇಟರ್, ಸುರುಳಿ ಹೋಸ್ ಇರುವ ಚಿಕ್ಕ ಕಿಟ್ ತಗೊಳ್ಳಿ. ಹಾಂ, ಕೆಲಸ ಮುಗಿದ ಮೇಲೆ ಟ್ಯಾಂಕಿನ ಅಡಿಯ ಡ್ರೈನ್ ತಿರುಗಿಸಿ ನೀರು ಬಿಡಿ, ಇಲ್ಲದಿದ್ದರೆ ಒಳಗೆ ತುಕ್ಕು ಹಿಡಿಯುತ್ತದೆ.